ಚಿಕ್ಕಮ್ಮನಿಗೆ ಒಂದು ಇಂಗ್ಲಿಷ್ ಪದ

ನನ್ನ ಚಿಕ್ಕಮ್ಮ ಹುಟ್ಟುವಾಗಲೂ ಯಾರಿಗೂ ಕಾಯಲಿಲ್ಲವಂತೆ. "ಸೂಲಗಿತ್ತಿ ಬಾಗಿಲಲ್ಲಿ ಚಪ್ಪಲಿ ಬಿಡೋಷ್ಟರಲ್ಲಿ ಇವಳು ಹುಟ್ಟಿ ಅಳ್ತಾ ಇದ್ಲು" ಎಂದು ಅಜ್ಜಿ ಹೇಳುತ್ತಿದ್ದಳು. ಬೆಳೆದ ಮೇಲೂ ಹಾಗೆಯೇ. ನಲ್ಲಿ ತೊಟ್ಟಿಕ್ಕಿದರೆ ನಾವು ಪ್ಲಂಬರ್ ನಂಬರ್ ಹುಡುಕುತ್ತಿರುವಾಗಲೇ ಅವಳು ಸ್ಪ್ಯಾನರ್ ಹಿಡಿದು ಕೂತಿರುತ್ತಿದ್ದಳು. ಪಕ್ಕದ ಮನೆಯ ಮಗು ಬಿದ್ದರೆ, ಅಳಬೇಕೋ ಬೇಡವೋ ಎಂದು ಅದು ಯೋಚಿಸುವುದರೊಳಗೆ ಇವಳ ಕಂಕುಳಲ್ಲಿ ಇರುತ್ತಿತ್ತು.

ಚಿಕ್ಕಪ್ಪ ಇದಕ್ಕೆ ತದ್ವಿರುದ್ಧ. ಅಂಗಡಿ ಬೋರ್ಡ್ ಬರೆಯುವುದು ಅವರ ಕಸುಬು. ಒಂದು ಅಕ್ಷರ ಬರೆದು, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಟೀ ಕುಡಿದು ಬಂದು ಅದರ ಬಾಲ ತಿದ್ದುವವರು. ಇಂಗ್ಲಿಷ್ ಅಕ್ಷರಗಳನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಅರ್ಥ ಕೇಳಿದರೆ "ಅದು ಅಂಗಡಿಯವರಿಗೆ ಬಿಟ್ಟಿದ್ದು" ಎನ್ನುತ್ತಿದ್ದರು. ಈ ಇಬ್ಬರಿಗೂ ಹೇಗೆ ಹೊಂದಿತೋ ದೇವರೇ ಬಲ್ಲ. ಆಗ ನಾನು ಕೆಲಸದ ಮೇಲೆ ಅದೇ ಊರಿನಲ್ಲಿದ್ದು ಅವರ ಮಹಡಿಯ ಕೋಣೆಯಲ್ಲಿ ಇರುತ್ತಿದ್ದೆ. ಬೆಳಿಗ್ಗೆ ಚಿಕ್ಕಪ್ಪ ಒಂದು ಕಾಲಿಗೆ ಚಪ್ಪಲಿ ಹಾಕುವುದರೊಳಗೆ ಚಿಕ್ಕಮ್ಮ ಬೀದಿಯ ತಿರುವು ದಾಟಿರುತ್ತಿದ್ದಳು.

ಅವಳಿಗೆ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಒಗೆದು ಹಿಂಡಿದ ಹೊದಿಕೆಯನ್ನು ಇಬ್ಬರು ಹೆಂಗಸರು ಆ ಕಡೆ ಈ ಕಡೆ ನಿಂತು, ಒಂದೊಂದು ಮೂಲೆ ಹಿಡಿದು, ಬಿಸಿ ರೋಲರ್ ಕೆಳಗೆ ಬಿಡಬೇಕು. ಅದು ಇಸ್ತ್ರಿಯಾಗಿ ಹಿಂದಿನಿಂದ ಹೊರಬರುತ್ತದೆ. ಚಿಕ್ಕಮ್ಮನ ಎದುರು ಮೂಲೆ ಹಿಡಿಯುತ್ತಿದ್ದವಳನ್ನು ಎಲ್ಲರೂ ಜಡೆ ಎಂದೇ ಕರೆಯುತ್ತಿದ್ದರು. ಸೊಂಟ ದಾಟಿದ ಕೂದಲು ಅವಳದು. ಅದನ್ನು ಸುರುಳಿ ಸುತ್ತಿ ಟೋಪಿಯೊಳಗೆ ತುರುಕಿದರೆ ತಲೆಯ ಮೇಲೆ ಇನ್ನೊಂದು ತಲೆ ಇಟ್ಟ ಹಾಗೆ ಕಾಣುತ್ತಿತ್ತು. ವರ್ಷಗಟ್ಟಲೆ ಎದುರುಬದುರು ನಿಂತು ಇಬ್ಬರೂ ಅಕ್ಕತಂಗಿಯರ ಹಾಗಾಗಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ಜಡೆ ಟೋಪಿ ತೆಗೆದಿಟ್ಟಳು. "ಹಾಕ್ಕೊಳ್ಳೇ, ಸೂಪರ್‌ವೈಸರ್ ನೋಡಿದ್ರೆ ಬೈತಾರೆ" ಎಂದಳು ಚಿಕ್ಕಮ್ಮ. "ತಲೆ ಬೆಂದು ಹೋಗ್ತಿದೆ ಅಕ್ಕ, ಐದು ನಿಮಿಷ ಅಷ್ಟೇ" ಎಂದಳು ಅವಳು. ಹೊದಿಕೆಯ ಮಡಿಕೆಯೊಂದನ್ನು ಬಿಡಿಸಲು ಬಗ್ಗಿದಾಗ ಅವಳ ಉದ್ದ ಕೂದಲು ಭುಜದಿಂದ ಜಾರಿ ಹೊದಿಕೆಯ ಮೇಲೆ ಬಿತ್ತು. ಹೊದಿಕೆಯ ಜೊತೆ ಅದರ ತುದಿಯೂ ರೋಲರ್ ಕೆಳಗೆ ಹೋಯಿತು. ತಲೆ ಜಗ್ಗಿ, ಮುಖ ಬಿಸಿ ಕಬ್ಬಿಣದತ್ತ ಹೋಗತೊಡಗಿತು. 

ಬಟ್ಟೆಯ ಅಂಚಿನ ದಾರ ಕತ್ತರಿಸಲೆಂದು ಚಿಕ್ಕಮ್ಮನ ಸೊಂಟದಲ್ಲಿ ಸದಾ ಒಂದು ಕತ್ತರಿ ತೂಗುತ್ತಿತ್ತು. ತಾನು ಯಾವಾಗ ಆ ಕಡೆ ಹೋದೆ, ಯಾವಾಗ ಕತ್ತರಿ ತೆಗೆದೆ ಎಂಬುದು ಅವಳಿಗೇ ನೆನಪಿಲ್ಲ. ಕೂದಲನ್ನು ಕುತ್ತಿಗೆಯ ಹತ್ತಿರ ಹಿಡಿದು ಕತ್ತರಿಸಿಬಿಟ್ಟಳು. ಜಡೆ ಹಿಂದಕ್ಕೆ ಬಿದ್ದಳು. ಹಣೆಯ ಮೇಲೆ ಒಂದು ಸುಟ್ಟ ಗೆರೆ ಬಿಟ್ಟರೆ ಬೇರೇನೂ ಆಗಿರಲಿಲ್ಲ. ರೋಲರ್‌ನ ಹಿಂದಿನಿಂದ ಹೊದಿಕೆ ಹೊರಬಂತು. ಅದರ ಜೊತೆ ಅವಳ ಕೂದಲೂ ಇಸ್ತ್ರಿಯಾಗಿ, ಚಪ್ಪಟೆಯಾಗಿ ಹೊರಬಂತು.

ಜಡೆ ನೆಲದ ಮೇಲೆ ಕೂತು ಕತ್ತಿನ ಹಿಂದೆ ಮುಟ್ಟಿ ನೋಡಿಕೊಂಡಳು. ಚಿಕ್ಕಮ್ಮನ ಮುಖವನ್ನೊಮ್ಮೆ ನೋಡಿದಳು. ಎದ್ದು ಮನೆಗೆ ಹೋದವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಮೆಕ್ಯಾನಿಕ್ ಬಂದು ಮೆಷಿನ್ ನೋಡಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಸುಮ್ಮನೆ ಅಂದ: "ಕೆಂಪು ಬಟನ್ ನಿಮ್ಮ ಮೊಣಕೈ ಹತ್ರಾನೇ ಇತ್ತಲ್ಲಮ್ಮಾ. ಒತ್ತಿದ್ರೆ ನಿಂತು ಹೋಗ್ತಿತ್ತೇನೋ."

ಆ 'ಏನೋ' ಚಿಕ್ಕಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಲಾಂಡ್ರಿಯಲ್ಲೂ ಎರಡು ಪಕ್ಷವಾಯಿತು. ಜೀವ ಉಳಿಸಿದಳು ಎಂದು ಕೆಲವರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಇನ್ನು ಕೆಲವರು. ಮನೆಯಲ್ಲಿ ಅವಳು ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ಸುಮ್ಮನೆ ನೋಡುತ್ತಿದ್ದಳು. ಒಲೆ ಆರಿಸಲು ಚಿಕ್ಕಪ್ಪ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಮ್ಯಾನೇಜರ್ ಚಿಕ್ಕಪ್ಪನಿಗೆ ಹೇಳಿಕಳಿಸಿದರು. ಲಾಂಡ್ರಿಯ ಬಾಗಿಲಲ್ಲಿ ಒಂದು ಬೋರ್ಡ್ ಇತ್ತು. ವರ್ಷಕ್ಕೊಬ್ಬರಂತೆ ಕೆಲಸಗಾರರ ಹೆಸರು, ಅದರ ಕೆಳಗೆ ಅವರ ಗುಣ ಹೇಳುವ ಒಂದು ಇಂಗ್ಲಿಷ್ ಪದ. ಹಿಂದಿನ ವರ್ಷದವರಿಗೆ 'ಸಿನ್ಸಿಯರ್', ಅದಕ್ಕೂ ಹಿಂದಿನವರಿಗೆ 'ಹಾನೆಸ್ಟ್'. ಬರೆಯುತ್ತಿದ್ದವರು ಚಿಕ್ಕಪ್ಪನೇ. "ಈ ಸಲ ನಿಮ್ಮ ಮನೆಯವರೇ. ತಡ ಮಾಡದೆ ಕೆಲಸ ಮಾಡೋರಿಗೆ ಏನಂತಾರೋ ಆ ಪದ ಹಾಕಿ. ಕ್ವಿಕ್ ಅಂತ ಹಾಕಿದ್ರೂ ನಡೆಯತ್ತೆ" ಎಂದರು ಮ್ಯಾನೇಜರ್.

ಚಿಕ್ಕಪ್ಪನಿಗೆ ಒಪ್ಪಿಗೆಯಾಗಲಿಲ್ಲ. "ಕ್ವಿಕ್ ಅಂತ ಕೊರಿಯರ್ ಅಂಗಡಿಗೆ ನಾನೇ ಬರೆದಿದ್ದೀನಿ. ಅವರಿಗೆ ಕೊಟ್ಟ ಪಾರ್ಸೆಲ್ ಇನ್ನೂ ಹೋಗಿ ಮುಟ್ಟಿಲ್ಲ" ಎಂದರು. ಔಷಧಿ ಅಂಗಡಿಯವನು 'ಫಾಸ್ಟ್' ಅಂದ. ಅದು ತಲೆನೋವಿನ ಮಾತ್ರೆಯ ಮೇಲೆ ಇರುವ ಪದ. ನಾನು 'ಪಂಕ್ಚುವಲ್' ಅಂದೆ. "ಅಂದ್ರೆ ಸರಿಯಾದ ಟೈಮಿಗೆ ಬರೋರಲ್ವಾ? ಇವಳು ಯಾವತ್ತು ಟೈಮಿಗೆ ಬಂದಿದ್ದಾಳೆ? ಯಾವಾಗ್ಲೂ ಅರ್ಧ ಗಂಟೆ ಮುಂಚೆ" ಎಂದರು ಚಿಕ್ಕಪ್ಪ. ವಕೀಲರ ಗುಮಾಸ್ತ 'ಎಕ್ಸ್‌ಪೆಡಿಷಿಯಸ್' ಎಂದು ಹೇಳಿಕೊಟ್ಟ, ಬೇಗ ಕೆಲಸ ಮುಗಿಸುವವರು ಎಂದು ಅರ್ಥವಂತೆ. ಚಿಕ್ಕಪ್ಪ ಅದನ್ನು ಬೆರಳಿನಿಂದ ಗೋಡೆಯ ಮೇಲೆ ಅಳೆದು ನೋಡಿದರು. "ಇದನ್ನ ಬರೆದು ಮುಗಿಸೋದ್ರೊಳಗೆ ಇದರ ಅರ್ಥಾನೇ ಸುಳ್ಳಾಗತ್ತೆ!"

ನಾನು ನಕ್ಕೆ. ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಹಿಂದೆ ಮುಂದೆ ನೋಡದೆ ಮಾಡೋರಿಗೆ ಇಂಗ್ಲಿಷಲ್ಲಿ ಏನಂತಾರೆ? ಅದನ್ನೇ ಬರೀರಿ. ಅದೇ ಸರಿ ನಂಗೆ."

ನಮ್ಮ ನಗು ಅಲ್ಲೇ ನಿಂತಿತು.

ಸಂಜೆ ಎದುರು ಮನೆಯ ನಿವೃತ್ತ ಟೀಚರಮ್ಮನ ಹತ್ತಿರ ಚಿಕ್ಕಪ್ಪ ನನ್ನನ್ನೂ ಕರೆದುಕೊಂಡು ಹೋದರು. ನಡೆದದ್ದನ್ನು ಕೇಳಿ ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಎರಡು ಪದ ಇದೆ" ಎಂದರು. "ಒಂದು ಪ್ರಾಂಪ್ಟ್, ಇನ್ನೊಂದು ಹೇಸ್ಟಿ. ಇಬ್ಬರೂ ತಡ ಮಾಡೋರಲ್ಲ. ಬೇಕಾದ ಗಳಿಗೆಗೆ ಸರಿಯಾಗಿ ಕೈ ಹಾಕಿದ್ರೆ ಪ್ರಾಂಪ್ಟ್. ತಾಳ್ಮೆಗೆ ಜಾಗ ಇದ್ದಾಗಲೂ ನುಗ್ಗಿದ್ರೆ ಹೇಸ್ಟಿ."

"ಇವಳು ಯಾವುದು ಟೀಚರ್?"

"ನಾನು ಅಲ್ಲಿರ್ಲಿಲ್ಲವಲ್ಲಪ್ಪ. ಅಲ್ಲಿದ್ದವಳನ್ನ ಕೇಳು."

ಚಿಕ್ಕಪ್ಪ ಮನೆಗೆ ಬಂದವರೇ ಜಡೆಯ ಮನೆಗೆ ಹೊರಡಲು ಸ್ಕೂಟರ್ ಹೊರಗೆ ತೆಗೆದರು. "ನಾನು ಬರಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ ರೀ?" ಎಂದಳು ಚಿಕ್ಕಮ್ಮ. ಅವರು ವಾದ ಮಾಡಲಿಲ್ಲ, ಸ್ಕೂಟರಿನ ಮೇಲೆ ಕೂತರು. ಕಾಯುವುದರಲ್ಲಿ ಅವರನ್ನು ಸೋಲಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಬೀದಿದೀಪ ಹತ್ತಿಕೊಂಡಾಗ ಚಿಕ್ಕಮ್ಮ ಮುಖ ತೊಳೆದು ಬಂದು ಹಿಂದೆ ಕೂತಳು.

ಅಲ್ಲಿ ನಡೆದದ್ದನ್ನು ಚಿಕ್ಕಪ್ಪ ನನಗೆ ಎಷ್ಟೋ ಸಲ ಹೇಳಿದ್ದಾರೆ. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಬಾಗಿಲು ತೆಗೆದ ಜಡೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಇಬ್ಬರು ಹೆಂಗಸರೂ ಹೊಸ್ತಿಲ ಆಚೆ ಈಚೆ ನಿಂತೇ ಇದ್ದರು.

"ನೀವು ಬರಲ್ಲ ಅಂದ್ಕೊಂಡಿದ್ದೆ ಅಕ್ಕ" ಎಂದಳು ಜಡೆ.

"ನೀನು ಬಾಗಿಲು ತೆಗೆಯಲ್ಲ ಅಂದ್ಕೊಂಡಿದ್ದೆ ಕಣೇ."

"ನಾನ್ಯಾಕೆ ತೆಗೆಯಲ್ಲ? ಟೋಪಿ ತೆಗೆದಿದ್ದು ನಾನು. ನೀವು ಹಾಕ್ಕೊ ಅಂದ್ರೂ ಕೇಳ್ಲಿಲ್ಲ. ಕೆಲಸಕ್ಕೆ ಬಂದ್ರೆ ಮನೆಗೆ ಕಳಿಸ್ತಾರೇನೋ ಅಂತ ಹೆದರಿ ಕೂತಿದ್ದೀನಿ. ನಿಮ್ಮ ಮೇಲೆ ನಂಗೆ ಯಾವ ಕೋಪ?"

ಚಿಕ್ಕಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಬಟನ್ ಪಕ್ಕದಲ್ಲೇ ಇತ್ತಂತೆ. ಒತ್ತಿದ್ರೆ ನಿನ್ನ ಕೂದಲು ಉಳೀತಿತ್ತಂತೆ."

ಜಡೆ ತಲೆಯ ಬಟ್ಟೆ ಬಿಚ್ಚಿದಳು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅದನ್ನು ಸಮ ಮಾಡಿಸಲೂ ಅವಳಿಗೆ ಮನಸ್ಸು ಬಂದಿರಲಿಲ್ಲ. "ಉಳೀತಿತ್ತೋ ಏನೋ, ನಂಗೊತ್ತಿಲ್ಲ. ಮೆಷಿನ್ ತಕ್ಷಣ ನಿಲ್ತಿತ್ತೋ, ಇನ್ನೊಂದು ಸುತ್ತು ತಿರುಗ್ತಿತ್ತೋ, ಯಾರಿಗ್ಗೊತ್ತು? ಸುಳ್ಳು ಹೇಳಲ್ಲ, ಜಡೆ ಹೋಯ್ತು ಅಂತ ಅತ್ತಿದ್ದೀನಿ. ಹೆಣೆಯೋಕೆ ಅಂತ ಕೈ ಹಿಂದೆ ಹೋಗತ್ತೆ, ಏನೂ ಸಿಗಲ್ಲ. ಆದ್ರೆ ಅಳೋಕೆ ನಾನು ಇದ್ದೀನಲ್ಲ ಅಕ್ಕ."

ಒಳಗಿನಿಂದ ಅವಳ ಅತ್ತೆ ಕೂಗಿ ಹೇಳಿದರು: "ತಲೆಗೆ ಬಂದಿದ್ದು ಜಡೆಗೆ ಹೋಯ್ತು ಅಂದ್ಕೊಳ್ರೇ! ಬಾಗಿಲಲ್ಲೇ ನಿಲ್ಲಿಸ್ಕೊಂಡು ಏನು ಮಾತು, ಒಳಗೆ ಕರಿ ಅವರನ್ನ!"

ಚಿಕ್ಕಮ್ಮ ಅಳುತ್ತಲೇ ನಕ್ಕಳು. ಜಡೆಯೂ ನಕ್ಕಳು. ಒಳಗೆ ಕೂತ ಮೇಲೆ ಚಿಕ್ಕಪ್ಪ ನಿಧಾನವಾಗಿ ಬೋರ್ಡಿನ ವಿಷಯ ತೆಗೆದು, ಟೀಚರಮ್ಮ ಹೇಳಿದ ಎರಡು ಪದಗಳನ್ನೂ ಅವುಗಳ ಅರ್ಥವನ್ನೂ ಜಡೆಯ ಮುಂದೆ ಇಟ್ಟರು.

"ಮೊದಲನೇದು, ಭಾವ" ಎಂದಳು ಅವಳು, ಒಂದು ಕ್ಷಣವೂ ಯೋಚಿಸದೆ. "ಅದೇನಂದ್ರಿ, ಪ್ರಾಂಟ್... ಅದೇ. ಯಾರಾದ್ರೂ ಬೇರೆ ಹೇಳಿದ್ರೆ ನನ್ನ ಹತ್ರ ಕಳಿಸಿ, ತಲೆ ತೋರಿಸ್ತೀನಿ."

ಆಮೇಲೆ ಚಿಕ್ಕಮ್ಮ ಹೇಳಿದಳು: "ಟೋಪಿ ಮಾತು ಬಂದ್ರೆ ನಾನು ನಿನ್ನ ಜೊತೆ ನಿಲ್ತೀನಿ. ಸೋಮವಾರ ಬಾ. ಅದಕ್ಕೆ ಮೊದಲು ಬಾ ಇಲ್ಲಿ, ಕೂತ್ಕೋ." ಆ ಮನೆಯ ಕತ್ತರಿಯನ್ನೇ ಕೇಳಿ ತೆಗೆದುಕೊಂಡು, ಅವಳನ್ನು ದೀಪದ ಕೆಳಗೆ ಕೂರಿಸಿ, ಉದ್ದಗಿಡ್ಡವಾಗಿದ್ದ ಕೂದಲನ್ನು ಸಮ ಮಾಡಿದಳು. ಅಷ್ಟು ನಿಧಾನವಾಗಿ ಅವಳು ಯಾವ ಕೆಲಸ ಮಾಡಿದ್ದನ್ನೂ ತಾವು ಕಂಡಿರಲಿಲ್ಲ ಎನ್ನುತ್ತಾರೆ ಚಿಕ್ಕಪ್ಪ.

ಸೋಮವಾರ ಇಬ್ಬರೂ ಒಟ್ಟಿಗೆ ಮ್ಯಾನೇಜರ್ ಕೋಣೆಗೆ ಹೋದರು. ಅವರು ಜಡೆಗೆ ಎರಡು ಬೈಗುಳ ಬೈದರು, ಕೆಲಸದಿಂದ ತೆಗೆಯಲಿಲ್ಲ. ಬಟನ್ ಎರಡೂ ಕಡೆ ಬೇಕು, ಕಣ್ಣಿಗೆ ಕಾಣುವ ಎತ್ತರದಲ್ಲಿ ಬೇಕು ಎಂದು ಚಿಕ್ಕಮ್ಮ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಅದು ಬರಲು ಕೆಲವು ತಿಂಗಳು ಹಿಡಿಯಿತು, ಆದರೆ ಬಂತು. ಬೋರ್ಡಿನ ಮೇಲೆ ಚಿಕ್ಕಪ್ಪ 'ಪ್ರಾಂಪ್ಟ್' ಎಂದು ಹಸಿರು ಬಣ್ಣದಲ್ಲಿ ಬರೆದರು. ಪದದ ಕೊನೆಯಲ್ಲಿ ಎರಡು ಅಕ್ಷರ ಒತ್ತೊತ್ತಾಗಿ ಬಂದು ನಾಲಿಗೆ ಹೊರಳುವುದಿಲ್ಲ ಎಂದು ಲಾಂಡ್ರಿಯವರು ಅದನ್ನು ಇವತ್ತಿಗೂ ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ.

ಇಬ್ಬರೂ ಮತ್ತೆ ಎದುರುಬದುರು ನಿಂತರು. ಒಮ್ಮೆ ಊಟ ಕೊಡಲು ಹೋದಾಗ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಪ್ರತಿ ಹೊದಿಕೆಯನ್ನೂ ಬಿಡುವ ಮೊದಲು ಚಿಕ್ಕಮ್ಮ ತಲೆಯೆತ್ತಿ ಎದುರಿನವಳನ್ನು ಒಮ್ಮೆ ನೋಡುತ್ತಿದ್ದಳು. ಅವಳು ತಲೆಯಾಡಿಸಿದ ಮೇಲೆಯೇ ತನ್ನ ಮೂಲೆ ಬಿಡುತ್ತಿದ್ದಳು. ಇದರಿಂದ ಕೆಲಸ ತುಸು ನಿಧಾನವಾಗುತ್ತಿತ್ತು. ಸೂಪರ್‌ವೈಸರಿಗೂ ಅದು ಕಾಣುತ್ತಿತ್ತು. ಆದರೂ ಅವರು ಮುಂದಿನ ಮೆಷಿನ್ ಕಡೆ ನಡೆದುಬಿಡುತ್ತಿದ್ದರು.