ಟವೆಲ್ ಮರೆಯ ಬೆಲೆ

ಉತ್ತಮಪಾಳಯಂ ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ, ಬೆಳಿಗ್ಗೆ ಹತ್ತಕ್ಕೆ, ನಾನು ನಮ್ಮೂರಿನ ಜಮೀನು ದಲ್ಲಾಳಿಯಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಸುತ್ತಲಿನವರಿಗೆ ಗೊತ್ತಾಗದಂತೆ ಟವೆಲ್ಲಿನ ಮರೆಯಲ್ಲಿ ಎದುರಿನವರ ಬೆರಳು ಒತ್ತಿ ಬೆಲೆ ತಿಳಿಸುವುದು ಅವರ ರೂಢಿ. "ಟೌನ್ ಬೆಳೀತದಪ್ಪಾ, ಕೊಟ್ಬುಡು" ಎನ್ನುತ್ತಲೇ ಸುತ್ತಲಿನ ಗದ್ದೆಗಳನ್ನೆಲ್ಲ ಮನೆ ಕಟ್ಟುವವರಿಗೆ ಮಾರಿಸಿದ್ದರು. ಅದರಿಂದ ಕಾಲುವೆ ಮುಚ್ಚಿ, ದಲ್ಲಾಳಿಯ ಸ್ವಂತ ಗದ್ದೆಗೇ ನೀರು ಬರುವುದು ನಿಂತುಹೋಗಿತ್ತು. ಅಂದು ಅದನ್ನೇ ಮಾರಲು ಬಂದಿದ್ದರು.

ಗದ್ದೆ ಕೊಳ್ಳಲು ಬಂದವನ ಕೈ ಹಿಡಿದು ಮೇಲೆ ಟವೆಲ್ ಹೊದಿಸಿದರು. ಬೆರಳು ಒತ್ತಲಿಲ್ಲ.

"ಏನಣ್ಣೇ, ಕೈ ಮರಗಟ್ಟೋಯ್ತಾ? ರೇಟ್ ಹೇಳು" ಎಂದು ಅವನು ನಕ್ಕ.

"ನೀನೇ ಹೇಳಪ್ಪಾ. ನನ್ ಕೈಲಾಗಲ್ಲ."

ಅವನು ಬಾಯಿಬಿಟ್ಟು ಬೆಲೆ ಹೇಳಿದ. ದಲ್ಲಾಳಿ ಆಗಲಿ ಎಂದು ತಲೆಯಾಡಿಸಿದರು.

ನನ್ನ ಜೊತೆ ಅಲ್ಲೇ ನಿಂತು ಅದನ್ನು ನೋಡಿದವರು ದಲ್ಲಾಳಿಯ ಹೆಂಡತಿ. ಆಕೆ ಇನ್ನೂ ಇದ್ದಾರೆ, ಆ ಗದ್ದೆಯಲ್ಲಿ ಎದ್ದ ಮನೆಗಳಿಗೆ ದಿನಾ ಹಾಲು ಹಾಕುತ್ತಾರೆ.