ನೋಟು ಮುಟ್ಟದ ಗುಂಡಿಯಕ್ಕ
ನಮ್ಮ ಬೀದಿಯಲ್ಲಿ ಗುಂಡಿ, ದಾರ, ಜಿಪ್ಪು ಮಾರುವ ಗುಂಡಿಯಕ್ಕನ ಮುಂದೆ ನೋಟು ಚಾಚಿದವರು ಬೈಸಿಕೊಂಡೇ ಬರಬೇಕು. ಕದ್ದ ಮಾಲು ತಂದವರನ್ನು ನೋಡುವಂತೆ ನೋಡಿ, "ಅದನ್ನ ಒಳಗಿಡಿ, ಫೋನ್ ತೆಗೀರಿ" ಎನ್ನುತ್ತಾಳೆ. ತಡವರಿಸುವ ಮುದುಕರ ಫೋನನ್ನು ತಾನೇ ಹಿಡಿದು ಸ್ಕ್ಯಾನ್ ಮಾಡಿ, "ಪಿನ್ ಮಾತ್ರ ನೀವೇ ಒತ್ತಿ" ಎಂದು ಗೋಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ನೆಟ್‌ವರ್ಕ್ ಸಿಗದಿದ್ದರೆ ಕ್ಯೂಆರ್ ಹಲಗೆ ಎತ್ತಿಕೊಂಡು ಗಿರಾಕಿಯ ಜೊತೆ ನಡುರಸ್ತೆಗೇ ಇಳಿಯುತ್ತಾಳೆ. ಫೋನೇ ಇಲ್ಲದವರು ಎದುರಿಗೆ ಹೊಲಿಗೆ ಅಂಗಡಿ ಇಟ್ಟಿರುವ ನನಗೆ ನೋಟು ಕೊಟ್ಟು, ನನ್ನ ಫೋನಿನಿಂದ ಅವಳಿಗೆ ದುಡ್ಡು ಹಾಕಿಸಬೇಕು. "ಒಂದು ಸೂಜಿಗೂ ಇಷ್ಟು ರಂಪ ಬೇಕೇನಕ್ಕ?" ಎಂದು ಒಮ್ಮೆ ರೇಗಿದೆ. "ಬೇಕು. ಕಷ್ಟ ಆದ್ರೆ ಬೇರೆ ಅಂಗಡಿ ನೋಡ್ಕೋ" ಎಂದಳು. ಹೊಸದರ ಶೋಕಿ ಎಂದುಕೊಂಡು ನಕ್ಕಿದ್ದೆ. ಗಂಡ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿದ್ದವಳು ಅವಳು. ಆದರೆ ಬಾಗಿಲು ಹಾಕುವ ಹೊತ್ತಿಗೆ ಬಂದು, "ದುಡ್ಡಿನ ವಿಷಯ ನಿಮಗೆ ತಿಳಿಯಲ್ಲ ಅತ್ತಿಗೆ" ಎಂದು ಗಲ್ಲಾ ಬಳಿದುಕೊಂಡು ಹೋಗುತ್ತಿದ್ದವನು ಮೈದುನ. ನಿನ್ನೆ ನಾನು ದಾರ ಕೊಳ್ಳುತ್ತಿರುವಾಗಲೇ ಅವನು ಬಂದು ಗಲ್ಲಾ ಎಳೆದ. ಒಳಗೆ ಅವಳ ಊಟದ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. "ಇವತ್ತೂ ವ್ಯಾಪಾರ ಇಲ್ವಾ ಅತ್ತಿಗೆ?" ಎಂದ. ಗುಂಡಿಯಕ್ಕ ನನ್ನ ದಾರವನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಅವನ ಕಡೆ ತಿರುಗಿದಳು. "ಭರ್ಜರಿ ವ್ಯಾಪಾರ. ದುಡ್ಡು ಬ್ಯಾಂಕಲ್ಲಿದೆ, ನನ್ನ ಹೆಸರಲ್ಲಿ. ಗಲ್ಲಾ ಮುಚ್ಚಿ ಹೋಗಪ್ಪ" ಎಂದಳು.