ಆಡದೆ ಕೂತವನ ಪರವಾಗಿ

ಮೊನ್ನೆ ದಿಂಬಂ ಘಾಟಿ ಇಳಿಯುವಾಗ ಬಸ್ಸಿನೊಳಗೆ ಬ್ರೇಕ್ ಕಾದ ವಾಸನೆ ಬಂತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಖಾಕಿ ಅಂಗಿಯ ಒಬ್ಬರು ನೆನಪಾದರು. ಅವರ ಅಂಗಿಗೂ ಇದೇ ವಾಸನೆ. ನಾವು ಅವರನ್ನು ಡ್ರೈವರಣ್ಣ ಅನ್ನುತ್ತಿದ್ದೆವು...

ಎರಡು ಸಾವಿರದ ಇಸವಿ ಕಳೆದ ಹೊಸತು. ತಾಳವಾಡಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ಟೀ ಅಂಗಡಿ. ಅದರ ಯಜಮಾನರು ಮಿಲಿಟರಿಯಲ್ಲಿದ್ದು, ಕೋಲ್ಕತ್ತದಿಂದ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡು ಬಂದವರು. ಊರೆಲ್ಲ ಕ್ರಿಕೆಟ್ ನೋಡುವಾಗ ಇವರ ಟಿ.ವಿ.ಯಲ್ಲಿ ಮಾತ್ರ ಅಲ್ಲಿನ ಒಂದು ಕ್ಲಬ್ಬಿನ ಮ್ಯಾಚು. ಟೀ ಬೇಕಾದವರು ಅದನ್ನೂ ಸಹಿಸಿಕೊಳ್ಳಬೇಕಿತ್ತು. ನೋಡಿ ನೋಡಿ ನಮಗೂ ಹುಚ್ಚು ಹಿಡಿಯಿತು. ಭಾನುವಾರ ಮಧ್ಯಾಹ್ನ ಆ ಕ್ಲಬ್ಬಿಗೆ ಇದುವರೆಗೆ ಆಡಿದವರಲ್ಲಿ ಯಾರು ದೊಡ್ಡವರು ಎಂದು ಜಗಳ. ಯಜಮಾನರು ತಾವು ಕಣ್ಣಾರೆ ಕಂಡ ಹಳೆಯ ಫಾರ್ವರ್ಡ್‌ನನ್ನು ಬಿಟ್ಟುಕೊಡರು. ನನ್ನ ಓಟು ಮೀಸೆಯ ಡಿಫೆಂಡರಿಗೆ.

ಡ್ರೈವರಣ್ಣ ಡಿಪೋದಲ್ಲಿ ಸ್ಪೇರ್. ಅಂದರೆ ದಿನಾ ಯೂನಿಫಾರಂ ತೊಟ್ಟು ಬಂದು ಕಾಯಬೇಕು. ಯಾರಾದರೂ ರಜೆ ಹಾಕಿದರೆ ಬಸ್ಸು, ಇಲ್ಲದಿದ್ದರೆ ಟೀ ಅಂಗಡಿಯ ಬೆಂಚು. ಒಂದು ದಿನ ಯಜಮಾನರು ಅವರ ಓಟನ್ನೂ ಕೇಳಿದರು. ಡ್ರೈವರಣ್ಣ ಟಿ.ವಿ.ಯ ಮೂಲೆಗೆ ಬೆರಳು ತೋರಿಸಿದರು.

"ಆ ಕಡ ಕುಂತವ್ನಲ್ಲ, ಎರಡ್ನೇ ಗೋಲ್‌ಕೀಪ್ರು, ಅವ್ನೇ ಕಣ ನನ್ಗ."

ನಾವೆಲ್ಲ ನಕ್ಕುಬಿಟ್ಟೆವು. ಆತ ಮೊದಲನೆಯವನಿಗೆ ಏನಾದರೂ ಆದರೆ ಇಳಿಯಲೆಂದು ಬೆಂಚಿನ ಮೇಲೆ ಕೂರುವವನು, ಒಂದು ಮ್ಯಾಚೂ ಆಡಿದವನಲ್ಲ. ಆದರೆ ಡ್ರೈವರಣ್ಣನಿಗೆ ಅವನ ಬಗ್ಗೆ ಮುಗಿಯದ ಕುತೂಹಲ. ತನ್ನ ತಂಡಕ್ಕೆ ಗೋಲ್ ಬಿದ್ದಾಗ ಒಳಗೊಳಗೇ ಖುಷಿಪಡುತ್ತಾನೋ? ಬೂಟಿನ ಲೇಸು ಕಟ್ಟಿಕೊಂಡೇ ಕೂರುತ್ತಾನೋ? ಸಂಜೆ ಮನೆಗೆ ಹೋದರೆ ಹೆಂಡತಿ ಏನು ಕೇಳುತ್ತಾಳೆ? ಕ್ಯಾಮೆರಾ ಆ ಕಡೆ ತಿರುಗಿದಾಗಲೆಲ್ಲ ಲೋಟ ಕೆಳಗಿಟ್ಟು ಮುಂದಕ್ಕೆ ಬಗ್ಗುತ್ತಿದ್ದರು. ಅವನು ಒಂದು ಸಲವಾದರೂ ಇಳಿದು ಆಡುವುದನ್ನು ನೋಡಬೇಕು, ಅದೊಂದೇ ಅವರ ಆಸೆ.

ಒಂದು ಭಾನುವಾರ ಮ್ಯಾಚು ಶುರುವಾದ ಸ್ವಲ್ಪ ಹೊತ್ತಿಗೆ ಡಿಪೋದಿಂದ ಕರೆ ಬಂತು. ಸತ್ಯಮಂಗಲದ ಬಸ್ಸಿನ ಡ್ರೈವರಿಗೆ ಜ್ವರವಂತೆ. ಡ್ರೈವರಣ್ಣ ಎದ್ದು ಹೋದರು. ಬಸ್ಸು ಊರು ದಾಟಿತ್ತೋ ಇಲ್ಲವೋ, ಇಲ್ಲಿ ಮೊದಲನೇ ಕೀಪರ್ ಕಾಲು ಉಳುಕಿಸಿಕೊಂಡು ಬಿದ್ದ. ಎರಡನೆಯವನು ಎದ್ದ... ಅಯ್ಯೋ, ಡ್ರೈವರಣ್ಣ ಈಗಲೇ ಹೋಗಬೇಕಿತ್ತೇ ಎಂದುಕೊಂಡೆ. ಅವರಿಗೆ ಹೇಳಬೇಕಲ್ಲ ಎಂದು ಎವೆಯಿಕ್ಕದೆ ನೋಡಿದೆ.

ಬಸ್ಸು ವಾಪಸ್ ಬಂದಾಗ ನಾನೂ ಯಜಮಾನರೂ ಸ್ಟ್ಯಾಂಡಿಗೇ ಹೋಗಿ ಸುದ್ದಿ ಹೇಳಿದೆವು. ಗೆದ್ದರೋ ಸೋತರೋ ಅವರು ಕೇಳಲೇ ಇಲ್ಲ.

"ಒಳಕ್ಕ ಓದವ್ನು ಮೊದ್ಲು ಏನ್ಲಾ ಮಾಡ್ದ?"

ಎರಡೂ ಗೋಲುಕಂಬಗಳನ್ನು ಬೂಟುಗಾಲಲ್ಲಿ ಮೆಲ್ಲಗೆ ಒದ್ದ ಎಂದೆ.

"ನಾನೂ ಟೈರ್ ಒದ್ಬುಟ್ಟೇ ಬಸ್ ಅತ್ತೋದು ಕಣ್ಲಾ," ಎಂದರು. ಅಷ್ಟು ಹಿಗ್ಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮುಂದಿನ ಮ್ಯಾಚಿಗೆ ಮೊದಲನೇ ಕೀಪರ್ ಮರಳಿದ. ಎರಡನೆಯವನು ಮತ್ತೆ ಇಳಿದದ್ದನ್ನು ನಾವು ಕಾಣಲಿಲ್ಲ. ಡ್ರೈವರಣ್ಣ ಕಾಯಂ ರೂಟು ಸಿಕ್ಕಿ ಬೇರೆ ಊರಿಗೆ ಹೋದರು. ಕೆಲವು ವರ್ಷಗಳ ಮೇಲೆ, ಎದೆನೋವು ಬಂದು ತೀರಿಕೊಂಡರೆಂದು ಯಾರೋ ಕಂಡಕ್ಟರು ಹೇಳಿದರು...

ಈಗಲೂ ಆ ಟೀ ಅಂಗಡಿಯಲ್ಲಿ ಫೋನು ಹಿಡಿದ ಹುಡುಗರದು ಅದೇ ಜಗಳ. ನನ್ನನ್ನು ಕೇಳಿದರೆ ಎರಡನೇ ಕೀಪರ್ ಅನ್ನುತ್ತೇನೆ. ಅವರೂ ನಗುತ್ತಾರೆ. ಆದರೆ ನನ್ನ ಕುತೂಹಲ ಈಗ ಬೇರೆ. ಅಷ್ಟು ದಿನ ಬೆಂಚಿನ ಮೇಲೆ ಕಾದ ಡ್ರೈವರಣ್ಣ ಆ ಮಧ್ಯಾಹ್ನ ಕರೆ ಬಂದಾಗ ಹೇಗೆ ಎದ್ದರು, ಅವರ ಮುಖ ಹೇಗಿತ್ತು? ಅಲ್ಲೇ ಪಕ್ಕದಲ್ಲಿದ್ದೆವು. ಎಲ್ಲರೂ ಟಿ.ವಿ. ನೋಡುತ್ತಿದ್ದೆವು.